ಸವಳು ನೀರಿನ ಅಳತೆ

ಬೆಳಗಿನ ನಮಾಜು ಮುಗಿಸಿ ದೌಲಾ ಚಾಪೆ ಸುತ್ತಿಡುತ್ತಿದ್ದಳು. ಸೊಸೆ ಖಬೂಲ್ ಮಗುವನ್ನು ಎತ್ತಿಕೊಂಡು ಬಂದು ಎದುರಿಗೆ ನಿಂತಳು. ಮಗುವಿನ ಕಾಲು, ತಾಯಿಯ ಮೇಲಂಗಿಯ ಮುಂಭಾಗ, ಎಲ್ಲವೂ ಒದ್ದೆಯಾಗಿತ್ತು.

“ಅಮ್ಮಾ, ಕೋಳಿ ಕೂಗಿದಾಗಿಂದ ಐದು ಸಲ ಆಯ್ತು. ಅಕ್ಕಿ ತೊಳೆದ ನೀರಿನ ಹಾಗೆ ಹೋಗ್ತಿದೆ.”

“ಐದು ಸಲವಾ? ಐದಾಗೋ ತನಕ ಎಣಿಸ್ತಾ ಕೂತಿದ್ಯಾ? ಕೊಡು ಇಲ್ಲಿ.”

ನಿಅಮಾಳಿಗೆ ಹತ್ತು ತಿಂಗಳು. ದೌಲಾಳ ಒಬ್ಬನೇ ಮಗ ಜಾಬಿರನ ಚೊಚ್ಚಲ ಕೂಸು. ಜಾಬಿರ್ ಮೀನಿಗೆ ಹೋದವನು ಐದು ತಿಂಗಳಿಂದ ಕೆಂಪು ಸಮುದ್ರದ ಆಚೆ ದಡದವರ ಸೆರೆಯಲ್ಲಿದ್ದ. ಗಡಿ ದಾಟಿದ ದೋಣಿಯೆಂದು ಹಿಡಿದು ಇಟ್ಟುಕೊಂಡಿದ್ದರಂತೆ. ಬಿಡುಗಡೆಯಾಗಿ ಬಂದ ಬೇರೆ ಹಳ್ಳಿಯ ಬೆಸ್ತನೊಬ್ಬ, ಅವನು ಬದುಕಿದ್ದಾನೆ ಎಂಬಷ್ಟು ಸುದ್ದಿ ತಂದಿದ್ದ. ದೋಣಿ ಹತ್ತುವ ಮುಂಚೆ ಜಾಬಿರ್ ತಾಯಿಯ ನೆತ್ತಿಗೆ ಮುತ್ತಿಟ್ಟು, “ಕೂಸು ನಿನ್ನ ಕೈಯಲ್ಲಿದೆ ನೋಡು” ಎಂದಿದ್ದ. ಹೊರಡುವ ಯಾವ ಮಗನಾದರೂ ಹೇಳುವ ಮಾತೇ ಅದು. ಆದರೆ ದೌಲಾ ಆ ಮಾತನ್ನು ಕಾಪಾಡಲು ಒಪ್ಪಿಸಿಹೋದ ಅಮಾನತ್ತಿನಂತೆ ಎದೆಯಲ್ಲಿ ಇಟ್ಟುಕೊಂಡಿದ್ದಳು. ಅವನು ಬರುವ ದಿನ ಮಗುವನ್ನು ನಡೆಸಿಕೊಂಡು ಹೋಗಿ ದಡದಲ್ಲಿ ನಿಲ್ಲಿಸಬೇಕು ಎಂಬುದೊಂದೇ ಅವಳು ಐದು ಹೊತ್ತೂ ಬೇಡುತ್ತಿದ್ದ ಬೇಡಿಕೆ.

ಅವಳು ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಹೊಟ್ಟೆಯ ಚರ್ಮವನ್ನು ಎರಡು ಬೆರಳಲ್ಲಿ ಹಿಡಿದು ಬಿಟ್ಟಳು. ಚರ್ಮ ಒಂದು ಗಳಿಗೆ ಮಡಿಕೆಯಾಗಿ ನಿಂತು ಆಮೇಲೆ ಕೂತಿತು. ನೆತ್ತಿಯ ಮೇಲೆ ಅಂಗೈ ಆಡಿಸಿದಳು. ಸ್ವಲ್ಪ ಕುಳಿ ಬಿದ್ದಿತ್ತು. ಬಾಯೊಳಗೆ ಬೆರಳಿಟ್ಟು ನೋಡಿದಳು. ನಾಲಿಗೆ ಇನ್ನೂ ಒದ್ದೆಯಿತ್ತು.

“ಹೆದರಬೇಡ. ಹೋದ ನೀರನ್ನ ತುಂಬಿಸಿದರೆ ಆಯ್ತು. ಬಾಟಲಿ ತಾ, ಸಕ್ಕರೆ ಡಬ್ಬಿ ತಾ. ಚಮಚ ತೊಳೆದು ತಾ.”

“ಆಸ್ಪತ್ರೆ ಡೇರೆಗೆ ಹೋಗೋದು ಬೇಡ್ವಾ ಅಮ್ಮಾ?”

“ಹೇಗೆ ಹೋಗ್ತೀಯ? ಈ ಬಸುರಲ್ಲಿ ಕತ್ತೆ ಮೇಲೆ ಕೂತು, ಒಂದು ದಿನದ ದಾರಿ, ಈ ಬಿಸಿಲು. ಕೂಸು ದಾರಿಯಲ್ಲೇ ಒಣಮೀನಾಗುತ್ತೆ. ಊರಲ್ಲಿ ಪೆಟ್ರೋಲ್ ಇರೋ ಮೋಟಾರ್ ಸೈಕಲ್ ಒಂದೇ, ಶೇಖನದು. ಅದು ಅವನ ಹೆಂಡತಿಯರ ತವರಿಗೇ ಸಾಲಲ್ಲ.”

ಖಬೂಲ್ ಅಳುವಿನ ಮಧ್ಯೆಯೂ ಮೂಗಿನಲ್ಲಿ ನಕ್ಕಳು. ಅತ್ತೆ ಹೀಗೆ ಬಯ್ಯುತ್ತಿದ್ದಾಳೆ ಎಂದರೆ ಮಗುವಿಗೆ ಭಯವಿಲ್ಲ ಎಂದು ಅವಳಿಗೆ ಗೊತ್ತಿತ್ತು.

ದೌಲಾ ಬಾಟಲಿಗೆ ಹರವಿಯ ನೀರು ತುಂಬಿದಳು. ಸಕ್ಕರೆಯನ್ನು ಚಮಚದಲ್ಲಿ ತೆಗೆದು, ಮೇಲೆ ಬೆರಳೆಳೆದು ಸಮ ಮಾಡಿ, ಬಿಸ್ಮಿಲ್ಲಾ ಎಂದು ಆರು ಸಲ ಹಾಕಿದಳು. ಉಪ್ಪು ಅರ್ಧ ಚಮಚ. ಕುಲುಕಿ, ಅಂಗೈ ಮೇಲೆ ಒಂದು ಹನಿ ಬಿಟ್ಟುಕೊಂಡು ನೆಕ್ಕಿ ನೋಡಿದಳು. ಸರಿಯಾಗಿದೆ ಎಂದು ತಲೆಯಾಡಿಸಿದಳು.

ಅವಳು ಸೂಲಗಿತ್ತಿ. ಹನ್ನೆರಡು ವರ್ಷದ ಹಿಂದೆ ಪಟ್ಟಣದ ಆರೋಗ್ಯ ಕಚೇರಿಯವರು ತಿಹಾಮಾ ಕರಾವಳಿಯ ಹಳ್ಳಿಗಳ ಸೂಲಗಿತ್ತಿಯರನ್ನೆಲ್ಲ ಕರೆಸಿ ಐದು ದಿನ ಕೂರಿಸಿ ಕಲಿಸಿದ್ದರು. ಓದು ಬಾರದವರಿಗೆಂದು ಚಿತ್ರದ ಹಾಳೆ ಕೊಟ್ಟಿದ್ದರು. ಒಂದು ಬಾಟಲಿ, ಆರು ಚಮಚ, ಅರ್ಧ ಚಮಚ, ಬಾಯಿ ತೆರೆದ ಕೂಸು. ಕಲಿಸಿದ ಹುಡುಗಿ ಇನ್ನೂ ಮದುವೆಯಾಗದವಳು, ತಾಯಂದಿರ ಮುಂದೆ ನಿಂತು ಮಾತಾಡಲು ನಾಚುತ್ತಿದ್ದಳು. “ಕೊನೆಗೆ ನಾಲಿಗೆಗೆ ಹಚ್ಚಿ ನೋಡಿ. ಕಣ್ಣೀರಿಗಿಂತ ಉಪ್ಪಾಗಿದ್ದರೆ ಚೆಲ್ಲಿ ಬೇರೆ ಮಾಡಿ” ಎಂದಿದ್ದಳು. ಆ ಐದು ದಿನವೂ ಅವರು ಬೆರೆಸಿ ಕಲಿತದ್ದು ಪಟ್ಟಣದ ನಲ್ಲಿಯ ಸಿಹಿನೀರಿನಲ್ಲಿ.

ಅದಕ್ಕೂ ಮುಂಚೆ ಊರಿನಲ್ಲಿ ಭೇದಿಯಾದ ಕೂಸಿಗೆ ನೀರೇ ಕೊಡುತ್ತಿರಲಿಲ್ಲ. ಕೊಟ್ಟಷ್ಟೂ ಹೋಗುತ್ತದೆ ಎಂದು ಬಾಯಿ ಕಟ್ಟುತ್ತಿದ್ದರು. ಅದಕ್ಕೂ ನಿಲ್ಲದಿದ್ದರೆ ಕಬ್ಬಿಣ ಕಾಯಿಸಿ ಹೊಕ್ಕುಳ ಸುತ್ತ ಬರೆ ಹಾಕುತ್ತಿದ್ದರು. ದೌಲಾ ತನ್ನದೇ ಎರಡು ಕೂಸುಗಳನ್ನು ಹಾಗೆ ಒಣಗಿಸಿ ಮಣ್ಣಿಗೆ ಕೊಟ್ಟವಳು. ಪಟ್ಟಣದಿಂದ ಬಂದ ಮೇಲೆ ಅವಳು ಮನೆಮನೆಗೆ ಹೋಗಿ, ಬೈಸಿಕೊಂಡು, ನಗೆಗೀಡಾಗಿ, ಆ ಅಳತೆಯನ್ನು ನಲವತ್ತು ಮನೆಯ ಹೆಂಗಸರ ಕೈಗೆ ಕಲಿಸಿದ್ದಳು. ಆಮೇಲೆ ಹನ್ನೆರಡು ವರ್ಷ, ಹಿಂದಿನ ವಾರದ ತನಕ, ಊರಿನಲ್ಲಿ ಭೇದಿಯಿಂದ ಒಂದು ಕೂಸೂ ಹೋಗಿರಲಿಲ್ಲ. ಅದು ಅಲ್ಲಾಹನ ಕರುಣೆ ಎಂದು ಎಲ್ಲರ ಎದುರಿಗೆ ಹೇಳುತ್ತಿದ್ದಳು. ಒಬ್ಬಳೇ ಇದ್ದಾಗ ತನ್ನ ಕೈಯನ್ನೂ ಸ್ವಲ್ಪ ನೋಡಿಕೊಳ್ಳುತ್ತಿದ್ದಳು.

ಆ ವರ್ಷಗಳಲ್ಲಿ ಕುಡಿಯುವುದಕ್ಕೆ ಒಳನಾಡಿನ ಬಾವಿಯಿಂದ ಟ್ಯಾಂಕರ್ ಬರುತ್ತಿತ್ತು. ಮಸೀದಿಯ ಬಾವಿ ಸವಳು. ಅದು ಪಾತ್ರೆಗೆ, ಕುರಿಗೆ, ನಮಾಜಿಗೆ ಕೈಕಾಲು ತೊಳೆದು ವುಝೂ ಮಾಡುವುದಕ್ಕೆ. ಚಳಿ ಕಳೆಯುತ್ತಲೇ ಯುದ್ಧದಿಂದ ಡೀಸೆಲ್ ನಿಂತಿತು, ಟ್ಯಾಂಕರೂ ನಿಂತಿತು. ಅದಕ್ಕೆ ಯಾರೂ ದೊಡ್ಡದಾಗಿ ಗೋಳಾಡಲಿಲ್ಲ. ಟ್ಯಾಂಕರ್ ಕಾಣುವ ಮುಂಚೆ ಊರೆಲ್ಲ ಆ ಬಾವಿಯನ್ನೇ ಕುಡಿದು ಬೆಳೆದದ್ದು. ಅದರ ಉಪಾಯವೂ ಹಳೆಯದೇ. ಖಾಲಿ ಹರವಿಯನ್ನು ಲೋಬಾನದ ಕೆಂಡದ ಮೇಲೆ ಬೋರಲು ಹಾಕಿ, ಹೊಗೆ ಕುಡಿಸಿ, ಆಮೇಲೆ ನೀರು ತುಂಬಿದರೆ ಮೂಗಿಗೆ ಗಮ ಬರುತ್ತದೆ, ಸವಳು ನಾಲಿಗೆಯಿಂದ ಹಿಂದೆ ಸರಿಯುತ್ತದೆ. ಎರಡು ವಾರದಲ್ಲಿ ಎಲ್ಲರಿಗೂ ಅದೇ ನೀರಿನ ರುಚಿಯಾಯಿತು. ಬೇಸಿಗೆ ಏರಿದಂತೆ ಬಾವಿ ಇಳಿಯಿತು. ಹೆಂಗಸರು ಹಗ್ಗಕ್ಕೆ ಇನ್ನೊಂದು ಮೊಳ ಸೇರಿಸಿ ಗಂಟು ಹಾಕಿಕೊಂಡರು.

ಬಿಸಿಲು ಏರುವ ಹೊತ್ತಿಗೆ ಪಕ್ಕದ ಓಣಿಯ ಜಲೀಲಾ ಓಡುತ್ತ ಬಂದಳು. ಹಾದಿ ಎಂಬ ಅವಳ ಪುಟ್ಟ ಮಗನಿಗೂ ಭೇದಿ ಶುರುವಾಗಿತ್ತು.

“ಖಾಲಾ, ಅಳತೆ ಒಂದು ಸಲ ಮತ್ತೆ ಹೇಳಿ. ತಲೆ ಓಡ್ತಿಲ್ಲ.”

“ಆರು ಮಕ್ಕಳಾದ ಮೇಲೂ ಅಳತೆ ಮರೀತೀಯಲ್ಲೇ. ಅವರನ್ನ ಹೆಸರು ಹಿಡಿದು ಕರೀತೀಯೋ ಇಲ್ಲ ಅದನ್ನೂ ಮರೆತಿದೀಯೋ?”

“ಬಯ್ಯಿರಿ ಖಾಲಾ, ಬಯ್ಯಿರಿ. ಆದರೆ ಆ ಮುಖ್ಬಿಲನ ಮಗು ಹೋದ ವಾರ ನಿಮ್ಮ ನೀರು ಕುಡಿದೂ ಹೋಯ್ತಲ್ಲ. ಅದಕ್ಕೇ ಎದೆ ಹೊಡ್ಕೊಳ್ತಿದೆ.”

ದೌಲಾಳ ಕೈ ನಿಂತಿತು. “ಅದರ ಅಜಲು, ಬರೆದ ಗಳಿಗೆ, ಬಂದಿತ್ತು. ಅವರು ಕರೆದದ್ದೂ ತಡ. ನೀರನ್ನಂತೂ ಎಷ್ಟು ಆಸೆಯಿಂದ ಕುಡೀತು, ನಾನೇ ನೋಡಿದೆನಲ್ಲ. ನೀನು ತಡ ಮಾಡಬೇಡ. ಆರು ಸಕ್ಕರೆ, ಅರ್ಧ ಉಪ್ಪು. ಪ್ರತಿ ಸಲ ಹೋದ ಮೇಲೂ ಒಂದು ಲೋಟ.”

ಆ ದಿನವೆಲ್ಲ ನಿಅಮಾ ಕುಡಿದಳು. ಚಮಚದಿಂದ ಶುರುವಾದದ್ದು ಲೋಟಕ್ಕೆ ಬಂತು. ಲೋಟ ದೂರ ಸರಿಸಿದರೆ ಎರಡೂ ಕೈಯಲ್ಲಿ ಅಂಚು ಹಿಡಿದು ಕಿರುಚುತ್ತಿದ್ದಳು. ದೌಲಾ ನಕ್ಕು, “ನೋಡು, ಅಪ್ಪನ ಹಾಗೆ. ಅವನೂ ಹೀಗೇ, ಕೊಟ್ಟಿದ್ದನ್ನ ಬಿಡೋನಲ್ಲ” ಎಂದಳು. ಭೇದಿ ಕಡಿಮೆಯಾಯಿತು. ಸಂಜೆಗೆ ಹೊಟ್ಟೆಯ ಚರ್ಮ ಹಿಡಿದು ಬಿಟ್ಟರೆ ಮಡಿಕೆ ನಿಲ್ಲಲಿಲ್ಲ, ಬೆರಳಿಗೆ ನಾದಿದ ಹಿಟ್ಟಿನಂತೆ ಮೆತ್ತಗೆ ಹತ್ತಿತು. ದೌಲಾ ಅಲ್ಹಮ್ದುಲಿಲ್ಲಾ ಎಂದಳು.

ಮಾರನೆಯ ಬೆಳಿಗ್ಗೆ ಮಗುವಿನ ಮೈ ಸುಡುತ್ತಿತ್ತು. ಬಾಯಿ ಒಣಗಿ ನಾಲಿಗೆ ಕೆಂಪಾಗಿತ್ತು. ಅಳು ಬೇರೆಯಾಗಿತ್ತು; ತೆಳ್ಳಗೆ, ಸೂಜಿಯಂತೆ, ಉಸಿರಿಗೂ ನಿಲ್ಲದೆ. ಎತ್ತಿಕೊಂಡರೆ ಬೆಚ್ಚುತ್ತಿದ್ದಳು, ಮಲಗಿಸಿದರೂ ಬೆಚ್ಚುತ್ತಿದ್ದಳು.

“ಅಮ್ಮಾ, ಭೇದಿ ನಿಂತಿದೆ. ಮತ್ತೆ ಯಾಕೆ ಹೀಗೆ ಮಾಡ್ತಿದಾಳೆ?”

“ಒಳಗಿನ ಬಿಸಿ ಹೊರಗೆ ಬರ್ತಿದೆ. ಇನ್ನೂ ಕುಡಿಸು.”

“ಕುಡಿದಷ್ಟೂ ಬೇಕು ಅಂತಾಳೆ. ಎರಡು ಬಾಟಲಿ ಆಯ್ತು. ನಾನು ಎದೆ ಕೊಡ್ಲಾ?”

“ಹುಚ್ಚಿಯಾ ನೀನು? ಹೊಟ್ಟೆಯಲ್ಲಿ ಒಂದನ್ನ ಇಟ್ಕೊಂಡು ಇದಕ್ಕೆ ಹಾಲು ಕೊಡ್ತೀಯಾ? ಬಸುರಿ ಹಾಲು ಕೂಸಿಗೆ ವಿಷ.”

ಜಾಬಿರ್ ಹೋದ ಮೇಲೆ ಖಬೂಲಳಿಗೆ ಎರಡನೆಯದು ನಿಂತದ್ದು ತಿಳಿದಿತ್ತು. ಅವತ್ತೇ ದೌಲಾ ನಿಅಮಾಳಿಗೆ ಎದೆ ಬಿಡಿಸಿದ್ದಳು. ಅಂದಿನಿಂದ ಮಗು ಡಬ್ಬಿಯ ಹಾಲುಪುಡಿಯನ್ನು ಹರವಿಯ ನೀರಿನಲ್ಲಿ ಕಲಸಿ ಕುಡಿಯುತ್ತಿತ್ತು. ಖಬೂಲಳ ಎದೆ ಒಣಗಿ ಮೂರು ತಿಂಗಳಾಗಿತ್ತು. ಕೊಡಲಾ ಎಂದು ಕೇಳಿದ್ದು ತಾಯಿಯ ಬಾಯಿ ಅಷ್ಟೇ, ಕೊಡುವುದಕ್ಕೆ ಏನೂ ಇರಲಿಲ್ಲ.

ಆಗ ಬಾಗಿಲ ಬಳಿ ಕೆಮ್ಮಿದ ಸದ್ದಾಯಿತು. ಗುಸೂನ್ ನಿಂತಿದ್ದಳು. ತೈಝಿನ ಬೆಟ್ಟದ ಮೇಲಿನ ಹಳ್ಳಿಯವಳು. ಮನೆಗೆ ಗುಂಡು ಬಿದ್ದು, ಒಂದೂವರೆ ವರ್ಷದ ಮಗನನ್ನು ಬೆನ್ನಿಗೆ ಕಟ್ಟಿಕೊಂಡು ಇಳಿದು ಬಂದು ಎಂಟು ದಿನವಾಗಿತ್ತು. ಬಲೆ ಇಡುವ ಗುಡಿಸಲಿನಲ್ಲಿ ಅವಳಿಗೆ ಜಾಗ ಕೊಟ್ಟಿದ್ದರು. ಇಲ್ಲಿನ ನೀರು ಕುಡಿದರೆ ದಾಹ ಹೆಚ್ಚುತ್ತದೆ ಎಂದು ಅವಳು ಬಾವಿಯ ಹತ್ತಿರ ಹೇಳಿದ್ದಕ್ಕೆ ಹೆಂಗಸರು ಬಿದ್ದು ಬಿದ್ದು ನಕ್ಕಿದ್ದರು. ನಿಮ್ಮ ಬೆಟ್ಟದ ನೀರಿಗೆ ಪ್ರಾಣವೇ ಇಲ್ಲ, ಕುಡಿದರೆ ಕುಡಿದ ಹಾಗೇ ಇರುವುದಿಲ್ಲ ಎಂದು ಒಬ್ಬಳು ಅಣಕಿಸಿದ್ದಳು.

“ಖಾಲಾ, ಒಂದು ಕೆಂಡ ಕೊಡ್ತೀರಾ?” ಎಂದವಳು ಮಗುವಿನ ಅಳು ಕೇಳಿ ಒಳಗೆ ಬಂದಳು. “ಯಾ ಅಲ್ಲಾಹ್. ಇದಕ್ಕೆ ಏನು ಕುಡಿಸ್ತಿದೀರಿ?”

ಖಬೂಲ್ ಬಾಟಲಿ ತೋರಿಸಿದಳು. ಗುಸೂನ್ ಅಂಗೈಗೆ ಸ್ವಲ್ಪ ಸುರಿದುಕೊಂಡು ನೆಕ್ಕಿದಳು. ತಕ್ಷಣ ತಿರುಗಿ ಹೊರಗಿನ ಮರಳಿಗೆ ಉಗಿದಳು.

“ಇದು ಸಮುದ್ರ ಅಲ್ವಾ!”

ದೌಲಾ ಎದ್ದು ನಿಂತಳು. “ಏನಂದೆ?”

“ಖಾಲಾ, ನಮ್ಮೂರಲ್ಲೂ ಇದನ್ನ ಮಾಡ್ತೀವಿ. ಸಿಹಿಯಾಗಿರುತ್ತೆ. ಉಪ್ಪು ಎಲ್ಲೋ ಹಿಂದೆ ಇರುತ್ತೆ. ಇದನ್ನ ಕತ್ತೆಗೂ ಕುಡಿಸಬಾರದು.”

“ಕತ್ತೆಗೆ ನೀನು ಕುಡಿಸು ಹೋಗು! ನಿನ್ನ ಹಲ್ಲು ಹುಟ್ಟೋ ಮುಂಚೆಯಿಂದ ನಾನು ಕೂಸು ಹಿಡಿದೋಳು. ನಮ್ಮ ಗುಡಿಸಲಲ್ಲಿ ಮಲಗಿ ನಮ್ಮ ನೀರಿಗೇ ಉಗೀತೀಯಾ? ನಡಿ ಆಚೆ!”

ಗುಸೂನ್ ಕೆಂಡವನ್ನೂ ತೆಗೆದುಕೊಳ್ಳದೆ ಹೊರಟು ಹೋದಳು. ಹೋಗುವಾಗ ಖಬೂಲಳ ಮುಖ ನೋಡಿದಳು. ಖಬೂಲ್ ಬಾಟಲಿ ನೋಡುತ್ತಿದ್ದಳು.

“ಅಮ್ಮಾ, ಇನ್ನೊಂದು ಸಲ ರುಚಿ ನೋಡಿ.”

“ನೀನೂ ಶುರು ಮಾಡಿದ್ಯಾ?”

“ನಿಮ್ಮ ಕಾಲು ಹಿಡೀತೀನಿ. ನೋಡಿ.”

ದೌಲಾ ಹಟದಿಂದ ಒಂದು ಗುಟುಕನ್ನೇ ಬಾಯಿಗೆ ಹಾಕಿಕೊಂಡಳು. ಸಕ್ಕರೆ ಗೊತ್ತಾಯಿತು. ಲೋಬಾನ ಗೊತ್ತಾಯಿತು. ಉಪ್ಪು ಇರಬೇಕಾದಷ್ಟು ಇತ್ತು, ಹೆಚ್ಚೇನಿಲ್ಲ. ಸೊಸೆಯ ಎದುರಿಗೆ ಗೆದ್ದವಳಂತೆ ಹರವಿಯ ಬಳಿ ಹೋಗಿ, ಏನೂ ಬೆರೆಸದ ನೀರನ್ನು ಬೊಗಸೆಯಲ್ಲಿ ತೆಗೆದು ಕುಡಿದಳು. ಅದರಲ್ಲಿ ಉಪ್ಪು ಎಂಬುದೇ ಇರಲಿಲ್ಲ. ಬರೀ ನೀರು.

ಅಲ್ಲಿ ಅವಳು ನಿಂತುಬಿಟ್ಟಳು. ಬಾವಿ ಸವಳೆಂದು ಅವಳಿಗೆ ಗೊತ್ತಿತ್ತು. ಊರಿಗೇ ಗೊತ್ತಿತ್ತು. ಹರವಿಯ ಹೊರಮೈಯಲ್ಲಿ, ನೀರು ಜಿನುಗಿ ಆರುವ ಕಡೆ, ಬೆಳ್ಳಗೆ ಹೆಪ್ಪುಗಟ್ಟಿತ್ತು. ಅದೂ ದಿನಾ ಕಾಣುವುದೇ. ಶುಕ್ರವಾರಕ್ಕೊಮ್ಮೆ ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದದ್ದೇ. ಉಗುರಿನಲ್ಲಿ ಕೆರೆದಳು. ಉಗುರು ತುಂಬಾ ಬಂತು. ನಾಲಿಗೆಗೆ ಇಟ್ಟುಕೊಂಡಳು. ಉಪ್ಪು. ಅಷ್ಟು ಉಪ್ಪನ್ನು ಒಳಗಿಟ್ಟುಕೊಂಡ ನೀರು ತನ್ನ ಬಾಯಿಗೆ ಬರೀ ನೀರಾಗಿದೆ.

ಅವಳು ಎರಡು ಬಟ್ಟಲು ತೆಗೆದುಕೊಂಡಳು. ಒಂದಕ್ಕೆ ಹರವಿಯ ನೀರು, ಇನ್ನೊಂದಕ್ಕೆ ಬಾಟಲಿಯದು. ಎರಡನ್ನೂ ಚೆಲ್ಲದಂತೆ ಹಿಡಿದು, ಬಿಸಿಲಿನಲ್ಲಿ ಬರಿಗಾಲಿನಲ್ಲಿ, ಬಲೆಯ ಗುಡಿಸಲಿಗೆ ನಡೆದಳು. ಗುಸೂನ್ ನೆರಳಿನಲ್ಲಿ ಕೂತು ಮಗನಿಗೆ ಹಾಲು ಕೊಡುತ್ತಿದ್ದಳು. ದೌಲಾಳನ್ನು ಕಂಡು ಅಂಗಿ ಸರಿಮಾಡಿಕೊಂಡು ಹೆದರಿಕೆಯಿಂದಲೇ ಎದ್ದಳು.

“ಕೂತ್ಕೋ ಮಗಳೇ. ಈ ಎರಡನ್ನೂ ರುಚಿ ನೋಡು. ಯಾವುದರಲ್ಲಿ ಏನಿದೆ ಹೇಳು. ನನ್ನ ಮುಖ ನೋಡಬೇಡ, ಇದ್ದದ್ದು ಹೇಳು.”

ಗುಸೂನ್ ಒಂದೊಂದಾಗಿ ತುಟಿಗೆ ಮುಟ್ಟಿಸಿದಳು. “ಇದಕ್ಕೆ ಉಪ್ಪು ಹಾಕಿದೀರಿ, ಸಕ್ಕರೆ ಹಾಕೋಕೆ ಮರೆತಿದೀರಿ. ಅದಕ್ಕೆ ಎರಡೂ ಹಾಕಿದೀರಿ, ಉಪ್ಪು ಎರಡರಷ್ಟಾಗಿದೆ.”

ಮೊದಲನೆಯ ಬಟ್ಟಲಿಗೆ ದೌಲಾ ಏನನ್ನೂ ಹಾಕಿರಲಿಲ್ಲ.

ಅವಳು ಮರಳಿನ ಮೇಲೆ ಕೂತಳು. ಮುಖ್ಬಿಲನ ಮಗು ಕಣ್ಣ ಮುಂದೆ ಬಂತು, ಲೋಟದ ಅಂಚನ್ನು ಹಲ್ಲಿಲ್ಲದ ಒಸಡಿನಲ್ಲಿ ಕಚ್ಚಿ ಹಿಡಿದಿದ್ದ ಹಾಗೆ.

“ಬಾವಿಯೇ ಉಪ್ಪು ಹಾಕಿ ಕೊಡ್ತಿದೆ. ಅದರ ಮೇಲೆ ನಾನು ಹಾಕ್ತಿದೀನಿ” ಎಂದಳು. ಆಮೇಲೆ ಗುಸೂನಳ ಮಗನ ಕಡೆ ನೋಡಿದಳು. ಅವನ ಗಲ್ಲದ ಮೇಲೆ ಹಾಲಿನ ಹನಿಯಿತ್ತು. “ಮಗಳೇ, ನಿನ್ನಲ್ಲಿ ಇಬ್ಬರಿಗಾಗೋಷ್ಟು ಇದೆಯಾ?”

“ಈಗ ತಾನೇ ಆಚೆ ನಡಿ ಅಂದ್ರಿ.”

“ಅಂದೆ. ಬೇಕಾದರೆ ನನ್ನ ಮುಖಕ್ಕೆ ಉಗಿ. ಆದರೆ ಬಾ.”

ಗುಸೂನ್ ಉಗಿಯಲಿಲ್ಲ. ಮಗನನ್ನು ಸೊಂಟಕ್ಕೆ ಏರಿಸಿಕೊಂಡು ದೌಲಾಳಿಗಿಂತ ಮುಂದೆ ನಡೆದಳು. ದಾರಿಯಲ್ಲಿ ಒಂದೇ ಮಾತು ಹೇಳಿದಳು: “ಐದು ಸಲ ಹೊಟ್ಟೆ ತುಂಬಾ ಕುಡಿದರೆ ನಿಮ್ಮ ಕೂಸು ಹಾಲಿನ ಸಂಬಂಧದಲ್ಲಿ ನನ್ನ ಮಗಳಾಗ್ತಾಳೆ. ಇವನಿಗೆ ತಂಗಿ. ಮುಂದೆ ಇವನಿಗೇ ಇವಳನ್ನ ಕೊಡ್ತೀವಿ ಅಂತ ಬರಬೇಡಿ, ಈಗಲೇ ಹೇಳಿದೀನಿ.”

“ಬೆಟ್ಟದವನಿಗೆ ಯಾರು ಕೊಡ್ತಾರೆ?” ಎಂದಳು ದೌಲಾ. ಅಭ್ಯಾಸಬಲದಿಂದ ಬಾಯಿ ಆಡಿದ್ದು ಅದು. ಇಬ್ಬರೂ ನಗಲಿಲ್ಲ.

ನಿಅಮಾ ಮೊದಲು ಎದೆ ಹಿಡಿಯಲಿಲ್ಲ. ಗುಸೂನ್ ಹಾಲನ್ನು ತುಟಿಯ ಮೇಲೆ ಹಿಂಡಿದಳು. ನಾಲಿಗೆ ಆಡಿತು. ಆಮೇಲೆ ಹಿಡಿದಳು, ಸ್ವಲ್ಪ ಕುಡಿದಳು, ಕುಡಿಯುತ್ತಲೇ ನಿದ್ದೆಗೆ ಜಾರಿದಳು. ಗುಸೂನಳ ಮಗ ತಾಯಿಯ ಅಂಗಿ ಎಳೆದು ಗಲಾಟೆ ಮಾಡಿದ. ಖಬೂಲ್ ಅವನಿಗೆ ಖರ್ಜೂರ ಕೊಟ್ಟು ಎತ್ತಿಕೊಂಡಳು.

“ಒಂದು” ಎಂದಳು ಗುಸೂನ್.

ದೌಲಾ ಹರವಿಯ ನೀರನ್ನು ಪಾತ್ರೆಯಲ್ಲಿ ಕುದಿಯಲು ಇಟ್ಟು, ಮುಚ್ಚಳ ಓರೆಮಾಡಿ, ಮುಚ್ಚಳಕ್ಕೆ ಏರಿದ ಬೆವರನ್ನು ಬಟ್ಟಲಿಗೆ ಇಳಿಸತೊಡಗಿದಳು. ಹಬೆಗೆ ಉಪ್ಪು ಏರುವುದಿಲ್ಲ ಎಂದು ಉಪ್ಪು ಕಾಯಿಸುವವರ ಮನೆಯಲ್ಲಿ ಹುಟ್ಟಿದ ಅವಳಿಗೆ ಗೊತ್ತಿತ್ತು. ಗೊತ್ತಿದ್ದದ್ದು ಇಷ್ಟು ದಿನ ಎಲ್ಲಿತ್ತೋ. ಒಂದು ಹೊರೆ ಸೌದೆ ಉರಿದ ಮೇಲೆ ಬಟ್ಟಲಿನಲ್ಲಿ ಬಂದದ್ದು ಅರ್ಧ ಲೋಟ. ಅದನ್ನು ಚಮಚದಿಂದ ಹನಿಹನಿಯಾಗಿ ಹಾಕಿದರು. ಮಗು ನುಂಗಿತು.

ಎರಡನೆಯ ಸಲ ನಿಅಮಾ ಚೆನ್ನಾಗಿಯೇ ಕುಡಿದಳು. ಅಳು ನಿಂತಿತು. ಖಬೂಲ್ ಅತ್ತೆಯ ಮುಖ ನೋಡಿದಳು. ದೌಲಾಳ ಬೆರಳು ಮಗುವಿನ ಅಂಗೈಯಲ್ಲಿತ್ತು. ಆ ಪುಟ್ಟ ಕೈ ಹಿಡಿಯುತ್ತಿರಲಿಲ್ಲ.

ಮೂರನೆಯ ಸಲ ಎದೆಗೆ ಹಾಕಿಕೊಂಡಾಗ ಮಗು ಒಂದೆರಡು ಗುಟುಕು ಎಳೆದು ಬಿಟ್ಟಿತು. ಬಾಯಿಯ ಒಂದು ಬದಿ ಅದುರಿತು. ಆಮೇಲೆ ಕೈ, ಆಮೇಲೆ ಮೈಯೆಲ್ಲ. ಬೆನ್ನು ಬಿಲ್ಲಾಯಿತು. ಖಬೂಲ್ ಕೂಗಿಕೊಂಡಳು. ದೌಲಾ ಮಗುವನ್ನು ಪಕ್ಕಕ್ಕೆ ತಿರುಗಿಸಿ ಹಿಡಿದು, ಬಾಯೊರೆಸಿ, ತನಗೆ ಬರುವ ಕುರಾನಿನ ಆಯತ್ತುಗಳನ್ನೆಲ್ಲ ಕಿವಿಯಲ್ಲಿ ಓದಿದಳು. ಅದುರು ನಿಂತಿತು, ಮತ್ತೆ ಬಂತು, ಮತ್ತೆ ನಿಂತಿತು. ಮಧ್ಯಾಹ್ನದ ಲುಹರ್ ಬಾಂಗ್ ಆಗುವ ಹೊತ್ತಿಗೆ ಮತ್ತೊಮ್ಮೆ ಬಂತು. ಅದು ನಿಂತಾಗ ಉಸಿರೂ ನಿಂತಿತ್ತು.

ಗುಸೂನ್ ಗುಂಡಿ ಹಾಕಿಕೊಂಡು ಗೋಡೆಗೆ ತಿರುಗಿ ಕೂತಳು. “ಮೂರೇ ಸಲ” ಎಂದಳು. “ನನ್ನ ಮಗಳೂ ಆಗಲಿಲ್ಲ.”

ಊರಿನ ಕೂಸುಗಳನ್ನು ಹುಟ್ಟಿದಾಗ ತೊಳೆಯುವವಳೂ ದೌಲಾ, ಹೋದಾಗ ತೊಳೆಯುವವಳೂ ದೌಲಾ. ಮೊಮ್ಮಗಳನ್ನೂ ಅವಳೇ ತೊಳೆದಳು. ತೊಳೆಯಲು ಇದ್ದದ್ದು ಆ ಬಾವಿಯ ನೀರೇ. ಹೆಂಗಸರು ಬಂದು ಮನೆ ತುಂಬಿದರು. ಬಿಳಿ ಬಟ್ಟೆಯ ಪುಟ್ಟ ಗಂಟನ್ನು ತೋಳಿನ ಮೇಲೆ ಇಟ್ಟುಕೊಳ್ಳುವ ಮುಂಚೆ ಮಸೀದಿಯ ಧರ್ಮಗುರು ಫಖೀಹರು ಬಾಗಿಲಲ್ಲಿ ನಿಂತು ತಗ್ಗಿದ ದನಿಯಲ್ಲಿ, “ಹಾಜ್ಜಾ, ಕೊಟ್ಟವನು ತಗೊಂಡ. ಬರೆದಷ್ಟೇ ಉಸಿರು” ಎಂದರು.

“ಬರೆದವನು ಅವನೇ, ಫಖೀಹ್. ನಾನು ಒಪ್ತೀನಿ” ಎಂದಳು ದೌಲಾ. “ಆದರೆ ಕುಡಿಸಿದ ಕೈ ಇದು. ನಾಳೆ ಅವನ ಎದುರಿಗೆ ನಿಂತಾಗ ಇದನ್ನ ಎಲ್ಲಿ ಬಚ್ಚಿಡಲಿ? ಅವನಿರಲಿ, ಜಾಬಿರ್ ಬಂದಾಗ ಎಲ್ಲಿ ಬಚ್ಚಿಡಲಿ?”

ಫಖೀಹರಿಗೆ ಅರ್ಥವಾಗಲಿಲ್ಲ. ದುಃಖದ ಮಾತೆಂದುಕೊಂಡು, ಅವಳಿಗೆ ತಾಳಿಕೊಳ್ಳುವ ಸಬರು ಬೇಡಿ ಹೊರಟರು. ಗಂಡಸರು ಅವರ ಹಿಂದೆ ಗೋರಿಗಳ ದಿಬ್ಬದ ಕಡೆ ನಡೆದರು.

ಹೆಂಗಸರು ಖಬೂಲಳನ್ನು ನಡುವೆ ಕೂರಿಸಿಕೊಂಡು ಅಳುತ್ತಿದ್ದರು. ಜಲೀಲಾ ಅಲ್ಲಿರಲಿಲ್ಲ. ಹಾದಿಗೆ ಜ್ವರ ಬಂದಿದೆ, ಅದಕ್ಕೇ ಬರಲಿಲ್ಲ ಎಂದು ಯಾರೋ ಹೇಳಿದರು. ಮಾತು ಮುಗಿಯುವುದರೊಳಗೆ ದೌಲಾ ಎದ್ದು ಹೊರಗೆ ನಡೆದಿದ್ದಳು. ಸತ್ತ ಮನೆಯ ಹೆಂಗಸು ಅದೇ ದಿನ ಹೊಸ್ತಿಲು ದಾಟಿದ್ದನ್ನು ಆ ಊರು ಕಂಡಿರಲಿಲ್ಲ.

ಜಲೀಲಾ ಬಾಗಿಲು ತೆಗೆದು, ದೌಲಾಳನ್ನು ಕಂಡು ಎರಡೂ ಕೈ ಹಿಡಿದುಕೊಂಡಳು. “ಖಾಲಾ, ನಾನೇ ಬರಬೇಕಿತ್ತು. ಕ್ಷಮಿಸಿ. ಇವನನ್ನ ಬಿಟ್ಟು ಹೇಗೆ ಬರಲಿ?”

“ಜಲೀಲಾ, ಕೇಳು. ಆ ನೀರು ಚೆಲ್ಲು. ಸಕ್ಕರೆ ಮಾತ್ರ ಹಾಕಿ ಬೇರೆ ಮಾಡು. ಉಪ್ಪು ಹಾಕಬೇಡ. ಒಂದು ಕಾಳೂ ಬೇಡ. ಬಾವಿಯಲ್ಲೇ ಇದೆ ಉಪ್ಪು. ನಿನ್ನ ನಾಲಿಗೆಗೆ ಗೊತ್ತಾಗಲ್ಲ, ನನಗೂ ಗೊತ್ತಾಗಲಿಲ್ಲ. ಮುಖ್ಬಿಲನ ಮಗುವನ್ನೂ ನಿಅಮಾಳನ್ನೂ ನಾನೇ ಕೊಂದೆ.”

ಜಲೀಲಾಳ ಕೈ ಸಡಿಲವಾಯಿತು. ಅವಳು ಹಿಂದೆ ಸರಿದು, ಹುಚ್ಚು ಹಿಡಿದವರೊಡನೆ ಆಡುವ ಮೆತ್ತನೆಯ ದನಿಯಲ್ಲಿ ಹೇಳಿದಳು: “ಹಾಗೆಲ್ಲ ಅನ್ನಬಾರದು ಖಾಲಾ. ಮನೆಗೆ ಹೋಗಿ. ನಿಮಗೆ ಈಗ ಏನು ಮಾತಾಡ್ತಿದೀರಿ ಅಂತ ಗೊತ್ತಿಲ್ಲ.”

“ಗೊತ್ತಿದ್ದೇ ಮಾತಾಡ್ತಿದೀನಿ.”

“ನನ್ನ ಆರೂ ಮಕ್ಕಳು ನಿಮ್ಮ ಈ ನೀರಲ್ಲೇ ಉಳಿದಿದ್ದು. ನನ್ನತ್ತೆ ಕಬ್ಬಿಣ ಕಾಯಿಸಿ ತಂದಾಗ ಅವಳ ಕೈಯಿಂದ ಕಿತ್ತು ಎಸೆದವರು ನೀವು. ಯಾರು ಬಂದು ಏನೇ ಹೇಳಿದರೂ ಅಳತೆ ಬದಲಾಯಿಸಬೇಡ ಅಂತ ನನ್ನ ಕೈಲಿ ಆಣೆ ಹಾಕಿಸಿಕೊಂಡವರು ನೀವು. ಇವತ್ತು ನೀವೇ ಬಂದು ಬೇಡ ಅಂದರೆ ನಾನು ಯಾವ ದೌಲಾಳ ಮಾತು ಕೇಳಲಿ?”

ಒಳಗೆ ಹಾದಿ ಅತ್ತ. ಆ ತೆಳ್ಳಗಿನ ಅಳು ದೌಲಾಳ ಮೈಗೆ ಚುಚ್ಚಿತು. ಅವಳು ಜಲೀಲಾಳನ್ನು ದಾಟಿ ಒಳನುಗ್ಗಿ, ಮಂಚದ ಪಕ್ಕದ ಬಾಟಲಿಯನ್ನು ಎತ್ತಿ ನೆಲಕ್ಕೆ ಸುರಿದಳು. ಮಣ್ಣಿನ ನೆಲ ಅದನ್ನು ಕುಡಿದುಬಿಟ್ಟಿತು.

“ಅಯ್ಯೋ! ಮನೆಯಲ್ಲಿದ್ದ ಸಕ್ಕರೆ ಮುಕ್ಕಾಲು ಪಾಲು ಅದರಲ್ಲಿತ್ತು!” ಜಲೀಲಾ ಕಿರುಚಿದಳು. “ನಿಮ್ಮದು ಹೋಯ್ತು ಅಂತ ನನ್ನದೂ ಹೋಗಬೇಕಾ? ಎದ್ದು ಹೋಗಿ ಇಲ್ಲಿಂದ! ಹೋಗಿ!”

ಹೊರಗೆ ತಳ್ಳಿಸಿಕೊಂಡ ದೌಲಾ ಬಿಸಿಲಿನಲ್ಲಿ ನಿಂತಳು. ಬಾಗಿಲ ಹಿಂದೆ ಅಗಳಿ ಬಿತ್ತು. 'ನಾನೇ ಕೊಂದೆ' ಎಂದು ಇಷ್ಟು ಬಿಚ್ಚಿ ಹೇಳಿದರೂ ಯಾರೂ ನಂಬದ ಹಾಗಾಗುತ್ತದೆಂದು ಅವಳು ಎಣಿಸಿರಲಿಲ್ಲ. ಹನ್ನೆರಡು ವರ್ಷ ಒಂದೊಂದು ಮನೆಯಲ್ಲೂ ಕೂತು ಆ ಅಳತೆಯ ಮೇಲಿನ ನಂಬಿಕೆ ಗಟ್ಟಿ ಮಾಡಿದ್ದಳಲ್ಲ, ಅದು ಇಂದು ಅವಳಿಗೇ ಬಾಗಿಲು ತೆರೆಯುತ್ತಿಲ್ಲ.

ಅವಳು ಹೊಸ್ತಿಲ ಮೇಲೆ ಕೂತಳು. ಬಾಗಿಲಿಗೆ ಬಾಯಿಟ್ಟು, “ಸಕ್ಕರೆ ನಾನು ತಂದು ಕೊಡ್ತೀನಿ. ಉಪ್ಪು ಹಾಕಬೇಡ ಜಲೀಲಾ” ಎಂದಳು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅದನ್ನೇ ಎಂದಳು. ಒಳಗೆ ಡಬ್ಬಿ ತೆರೆದ ಸದ್ದು, ಹರವಿಯಿಂದ ನೀರು ಬಗ್ಗಿಸಿದ ಸದ್ದು. ಆಮೇಲೆ ಚಮಚ ಗಾಜಿಗೆ ತಾಗುವ ಸದ್ದು. ಅದು ಸಕ್ಕರೆಯ ಡಬ್ಬಿಯೋ ಉಪ್ಪಿನದೋ ಎಂದು ಹೊರಗಿದ್ದವರಿಗೆ ತಿಳಿಯುವಂತಿರಲಿಲ್ಲ.

ಗುಸೂನ್ ಮಗನನ್ನು ಎತ್ತಿಕೊಂಡು ಹುಡುಕುತ್ತ ಬಂದಳು. ಏನನ್ನೂ ಕೇಳದೆ ಪಕ್ಕದಲ್ಲಿ ಕೂತಳು.

“ಇನ್ನೆಷ್ಟು ಮನೆಯಲ್ಲಿ ಕೂಸಿಗೆ ಭೇದಿ ಇದೆ ಖಾಲಾ?”

“ನಂಗೆ ಗೊತ್ತಿರೋದು ಆರು.”

“ನೀವು ಆ ಆರಕ್ಕೆ ಹೋಗಿ. ನಾನು ಇಲ್ಲಿ ಕೂತಿರ್ತೀನಿ. ತೆಗೆದರೆ ಹಾಲು ಕೊಡ್ತೀನಿ.”

“ನಿನಗೆ ತೆಗೆಯಲ್ಲ ಅವಳು.”

“ನಿಮಗೂ ತೆಗೀಲಿಲ್ಲವಲ್ಲ.”

ದೌಲಾ ಗೋಡೆ ಹಿಡಿದು ಎದ್ದಳು. ದಿಬ್ಬದಿಂದ ಗಂಡಸರು ಬರಿಗೈಯಲ್ಲಿ ಇಳಿದು ಬರುತ್ತಿದ್ದರು. ಅವರು ಹತ್ತಿರ ಬಂದು ಅವಳನ್ನು ಹಿಡಿದು ಮನೆಗೆ ಸೇರಿಸುವುದಕ್ಕೆ ಮುಂಚೆ ಒಂದೆರಡು ಬಾಗಿಲನ್ನಾದರೂ ತಟ್ಟಬಹುದಿತ್ತು. ಅವಳು ಮುಂದಿನ ಮನೆಯ ಕಡೆ ನಡೆದಳು. ಹಿಂದೆ ಗುಸೂನ್ ಮುಚ್ಚಿದ ಬಾಗಿಲಿಗೆ ಬೆನ್ನು ಕೊಟ್ಟು, ಅಂಗಿಯ ಗುಂಡಿಯ ಮೇಲೆ ಕೈಯಿಟ್ಟುಕೊಂಡು ಕೂತಿದ್ದಳು.